ಒಂದು ಚೀಲ ಆಲೆಮನೆ ಬೂದಿ, ಇಪ್ಪತ್ತೈದು ಕ್ಯೂಬು

ಮಂಡ್ಯ ಸೀಮೆಯಲ್ಲಿ ಬೂದಿಗೆ ಬರವಿಲ್ಲ. ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆಯೇ ಉರುವಲು, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೂ ಅದೇ. ಒಲೆಯಿಂದ ಗೋರಿದ ಬೂದಿ ತಿಪ್ಪೆಗೋ ಗದ್ದೆಗೋ ಹೋಗುತ್ತದೆ. ಅದರಲ್ಲಿ ಸಿಲಿಕಾ ಹೇರಳವಾಗಿದೆ. ಆ ಸಿಲಿಕಾ ನುಣ್ಣಗಿದ್ದು ಹರಳುಗಟ್ಟದೆ ಉಳಿದಿದ್ದರೆ, ಸಿಮೆಂಟು ನೀರಿನೊಡನೆ ಸೇರಿದಾಗ ಹೊರಬರುವ ಸುಣ್ಣವನ್ನು ಹಿಡಿದುಕೊಂಡು ಇನ್ನಷ್ಟು ಅಂಟಾಗುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯ ಮೇಲೆ; ಸುಟ್ಟ ಜೇಡಿಮಣ್ಣಿನ ಪುಡಿ ಅಲ್ಲಿ ಮಾಡಿದ್ದೂ ಇದೇ ಕೆಲಸ.

ಪ್ರಶ್ನೆ ಸರಳ. ಸಿಮೆಂಟಿನ ಎಷ್ಟು ಪಾಲು ತೆಗೆದು ಆ ಜಾಗಕ್ಕೆ ಬೂದಿ ಹಾಕಿದರೆ ಗಾರೆಯ ಬಲ ಅತಿ ಹೆಚ್ಚಾಗುತ್ತದೆ? ಬದಲಾಗುವುದು ಒಂದೇ ಅಂಶ, ಬೂದಿಯ ಶೇಕಡಾ ಪ್ರಮಾಣ. ಐದು ಹಂತ: ಶೇ 0, 5, 10, 15, 20. ಹಂತಕ್ಕೆ ಐದು ಕ್ಯೂಬು (ಅಚ್ಚಿನಲ್ಲಿ ಎರೆದ ಗಾರೆಯ ಘನ ತುಂಡು), ಒಟ್ಟು 25. ಅಳೆಯುವುದು 28ನೇ ದಿನದ ಕಂಪ್ರೆಸಿವ್ ಸ್ಟ್ರೆಂತ್, ಎಂದರೆ ಒಡೆಯದೆ ಎಷ್ಟು ಒತ್ತಡ ತಡೆಯುತ್ತದೆ ಎಂಬುದು. ಕೆಲಸ ಹೇಗೆ ನಡೆಯಿತು, ಲೆಕ್ಕ ಹೇಗೆ ಬಿಡಿಸಿತು ಎಂಬುದನ್ನು ಇಲ್ಲಿ ಬಿಡಿಬಿಡಿಯಾಗಿ ಬರೆದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಕೆಳಗೆ ಬರುವ 25 ಬಲದ ಅಂಕಿಗಳು ಲೆಕ್ಕದ ದಾರಿ ಕಾಣಲೆಂದು ದುಂಡಗೆ ಜೋಡಿಸಿಕೊಂಡ ಮಾದರಿ ಅಂಕಿಗಳು. ನಿಮ್ಮ ಬೂದಿಗೆ ಇವನ್ನೇ ಹಚ್ಚಬೇಡಿ.

ಬೂದಿಯಿಂದಲೇ ಶುರುಮಾಡೋಣ, ಹೆಚ್ಚು ಪ್ರಯೋಗಗಳು ಕೆಡುವುದು ಅಲ್ಲೇ. ಒಲೆಯ ಬಾಯಿ ಹತ್ತಿರ ಸಿಗುವ ಕಪ್ಪು ಬೂದಿ ಅರೆಬೆಂದದ್ದು, ಅದರಲ್ಲಿ ಇದ್ದಿಲು ತುಂಬಿರುತ್ತದೆ. ಇದ್ದಿಲು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಗಾರೆ ಬಿಗಿಯಾಗುತ್ತದೆ, ಬಲ ಬೀಳುತ್ತದೆ. ಕೊನೆಗೆ 'ಬೂದಿ ಕೆಲಸಕ್ಕೆ ಬಾರದು' ಎಂಬ ತೀರ್ಪು ಹೊರಬೀಳುತ್ತದೆ. ಇತ್ತ ಅತಿ ಉರಿಯಲ್ಲಿ ಬೆಂದು ಕಿಟ್ಟದ ಹಾಗೆ ಗಟ್ಟಿಯಾದದ್ದೂ ಪ್ರಯೋಜನವಿಲ್ಲ, ಅದರ ಸಿಲಿಕಾ ಹರಳುಗಟ್ಟಿ ಜಡವಾಗಿರುತ್ತದೆ. ಬೇಕಾದದ್ದು ನಡುವಿನ ಬೂದು ಬಣ್ಣದ್ದು. ಕಬ್ಬಿನ ಜೊತೆ ಗದ್ದೆಯ ಮಣ್ಣು-ಮರಳೂ ಒಲೆಗೆ ಬಂದಿರುತ್ತದೆ ಎಂಬುದನ್ನು ಮರೆಯಬಾರದು. ರಾಸಾಯನಿಕ ಪರೀಕ್ಷೆಯಲ್ಲಿ ಆ ಮರಳೂ ಸಿಲಿಕಾ ಎಂದೇ ಕಾಣುತ್ತದೆ. ಸಿಲಿಕಾ ಹೆಚ್ಚಿದೆ ಎಂದು ಹಿಗ್ಗಿದರೆ ಮೋಸಹೋದಂತೆ.

ತಂದ ಬೂದಿಯನ್ನು ಮೊದಲು 300 ಮೈಕ್ರಾನ್ ಜರಡಿಯಲ್ಲಿ ಜಾಲಿಸಿ ಸುಡದೆ ಉಳಿದ ನಾರನ್ನೂ ಕಿಟ್ಟವನ್ನೂ ತೆಗೆಯಬೇಕು. ಉಳಿದದ್ದನ್ನು ಮಫಲ್ ಫರ್ನೇಸಿನಲ್ಲಿ (ಪ್ರಯೋಗಾಲಯದ ಮುಚ್ಚಿದ ಕುಲುಮೆ) 600ರಿಂದ 700 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಇದ್ದಿಲು ಸುಟ್ಟುಹೋಗಿ ಬಣ್ಣ ತಿಳಿಯಾಗುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ. ದಪ್ಪಗೆ ತುಂಬಿದರೆ ಮೇಲೆ ಬಿಳಿ, ಒಳಗೆ ಕಪ್ಪು ಹಾಗೇ ಉಳಿಯುತ್ತದೆ. ಆಮೇಲೆ ಬಾಲ್ ಮಿಲ್ಲಿನಲ್ಲಿ (ಒಳಗೆ ಗುಂಡುಗಳು ಉರುಳುವ ಯಂತ್ರ) ಅರೆಯುವುದು. ಹಾರುಬೂದಿಗೆ (ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ನುಣ್ಣನೆ ಬೂದಿ) ಐಎಸ್ 3812 ಎಂಬ ಭಾರತೀಯ ಮಾನಕ ಹೇಳುವ ಮಿತಿಯನ್ನೇ ಇಲ್ಲಿ ಅಳತೆಗೋಲಾಗಿ ಹಿಡಿಯಬಹುದು: 45 ಮೈಕ್ರಾನ್ ಜರಡಿಯ ಮೇಲೆ ಉಳಿಯುವುದು ಶೇ 34 ಮೀರಬಾರದು, ಕಾಸಿದಾಗ ಕಳೆಯುವ ತೂಕ ಶೇ 5 ಮೀರಬಾರದು. ಅರೆದ ಮೇಲೆ ಪೂರಾ ರಾಶಿ ಹಾಕಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲುಗಳನ್ನು ಕೂಡಿಸಿ ಮತ್ತೆ ರಾಶಿ ಹಾಕಬೇಕು. ಹೀಗೆ ಮೂರು-ನಾಲ್ಕು ಸಲ ಮಾಡಿದರೆ ಡಬ್ಬಿಯ ಮೇಲಿನ ಬೂದಿಗೂ ತಳದ ಬೂದಿಗೂ ವ್ಯತ್ಯಾಸ ಇರುವುದಿಲ್ಲ.

ಸಿಮೆಂಟು ಓಪಿಸಿ (ಬೂದಿ ಬೆರೆಸದ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು) ಆಗಿರಲೇಬೇಕು. ಇಲ್ಲಿ ಹಿಡಿದದ್ದು 43 ಗ್ರೇಡ್. ಅಂಗಡಿಯಲ್ಲಿ ಕೇಳದೆ ತಂದರೆ ಬರುವುದು ಸಾಮಾನ್ಯವಾಗಿ ಪಿಪಿಸಿ. ಅದರಲ್ಲಿ ಆಗಲೇ ಹಾರುಬೂದಿ ಬೆರೆತಿರುತ್ತದೆ, ಸಿಗುವ ಸುಣ್ಣದಲ್ಲಿ ಅದೂ ಪಾಲು ತಿನ್ನುತ್ತದೆ. ಅಂಥ ಸಿಮೆಂಟಿನಲ್ಲಿ ಶೇ 0 ಎಂದು ಬರೆದುಕೊಂಡ ಹಂತ ನಿಜವಾದ ಸೊನ್ನೆಯೇ ಅಲ್ಲ. ಒಂದೇ ಚೀಲದ ಸಿಮೆಂಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಮರಳು ತಮಿಳುನಾಡಿನ ಎಣ್ಣೂರಿನ, ಸಿಮೆಂಟು ಪರೀಕ್ಷೆಗೆಂದೇ ಬರುವ ಸ್ಟಾಂಡರ್ಡ್ ಮರಳು, ಕಣದ ಗಾತ್ರದ ಮೂರು ಗ್ರೇಡಿನದೂ ಸಮಪಾಲು.

ಕ್ಯೂಬಿನ ಬದಿ 70.6 ಮಿಲಿಮೀಟರ್, ಒಂದು ಮುಖದ ವಿಸ್ತೀರ್ಣ ಸುಮಾರು 5,000 ಚದರ ಮಿಲಿಮೀಟರ್. ಒಂದು ಕ್ಯೂಬಿಗೆ ಐಎಸ್ 4031ರ 6ನೇ ಭಾಗದಂತೆ 200 ಗ್ರಾಂ ಸಿಮೆಂಟು, 600 ಗ್ರಾಂ ಮರಳು. ಶೇ 10ರ ಹಂತದಲ್ಲಿ ಆ 200 ಗ್ರಾಂ ಎಂದರೆ 180 ಗ್ರಾಂ ಸಿಮೆಂಟು, 20 ಗ್ರಾಂ ಬೂದಿ. ಎಲ್ಲ 25ಕ್ಕೆ ಕೂಡಿಸಿದರೆ ಬೂದಿ ಬೇಕಾಗುವುದು ಅರ್ಧ ಕಿಲೋ, ಸಿಮೆಂಟು ನಾಲ್ಕೂವರೆ ಕಿಲೋ, ಮರಳು 15 ಕಿಲೋ. ಬೂದಿ ಎರಡು ಕಿಲೋ ತಯಾರಿಟ್ಟುಕೊಂಡರೆ ಕೈಪಳಗಲು ಮಾಡುವ ಕ್ಯೂಬುಗಳಿಗೂ ಆಮೇಲಿನ ತಾಳೆ ನೋಡುವ ಕ್ಯೂಬುಗಳಿಗೂ ಅದೇ ಬೂದಿ ಸಿಗುತ್ತದೆ.

ನೀರಿನ ವಿಷಯದಲ್ಲಿ ಕೂತು ತೀರ್ಮಾನ ಮಾಡಬೇಕು. ಐಎಸ್ ಸೂತ್ರದಲ್ಲಿ ನೀರು ಸಿಮೆಂಟಿನ ಹದದ ಮೇಲೆ ನಿಂತಿದೆ: ಹದದ ನೀರು (ಸಿಮೆಂಟನ್ನು ಗೊತ್ತಾದ ಹದಕ್ಕೆ ಕಲಸಲು ಬೇಕಾದ ನೀರು) ಶೇ 30 ಇದ್ದರೆ, ಅದರ ಕಾಲು ಭಾಗಕ್ಕೆ 3 ಸೇರಿಸಿ 10.5, ಒಟ್ಟು 800 ಗ್ರಾಮಿನ ಶೇ 10.5 ಎಂದರೆ 84 ಗ್ರಾಂ ನೀರು. ಬೂದಿ ಹೆಚ್ಚಾದಂತೆ ಹದದ ನೀರೂ ಹೆಚ್ಚುತ್ತದೆ. ಪ್ರತಿ ಹಂತಕ್ಕೂ ಸೂತ್ರದಂತೆ ನೀರು ಏರಿಸುತ್ತಾ ಹೋದರೆ ಬದಲಾಗುವುದು ಎರಡು ಅಂಶ, ಬೂದಿ ಮತ್ತು ನೀರು. ಬಲ ಇಳಿದರೆ ಯಾವುದರಿಂದ ಇಳಿಯಿತು ಎಂದು ಹೇಳಲಾಗದು. ನೀರನ್ನು 84ಕ್ಕೇ ಕಟ್ಟಿಹಾಕಿದರೆ ಶೇ 20ರ ಗಾರೆ ಪುಡಿಪುಡಿಯಾಗಿ, ಅಚ್ಚಿನಲ್ಲಿ ಸರಿಯಾಗಿ ಕೂರದೆ, ಒಳಗೆ ಗಾಳಿ ಗೂಡು ಉಳಿಯುತ್ತದೆ. ಎರಡರಲ್ಲೂ ಕುಂದಿದೆ. ನಾವು ಹಿಡಿದದ್ದು 84 ಗ್ರಾಂ ಖಾಯಂ ಎಂಬ ದಾರಿ. ಆದ್ದರಿಂದ ಮುಂದೆ ಶೇ 20ರ ಬಲ ಬಿದ್ದದ್ದು ಕಂಡಾಗ, ಬೂದಿಯ ರಸಾಯನದ ಜೊತೆ ಈ ಬಿಗಿತದ ಪಾಲೂ ಅದರಲ್ಲಿದೆ ಎಂದೇ ಓದಿಕೊಳ್ಳಬೇಕು. ನೀರನ್ನು ತೂಕ ಮಾಡಿ ಹಾಕಿ, ಅಳತೆ ಲೋಟದಲ್ಲಿ ಕಣ್ಣಂದಾಜು ಬೇಡ. 2 ಗ್ರಾಂ ಹೆಚ್ಚುಕಮ್ಮಿಯಾದರೆ ನೀರು-ಸಿಮೆಂಟು ಅನುಪಾತ 0.42ರಿಂದ 0.43ಕ್ಕೆ ಜರುಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಜಾರುವ ಜಾಗ. ಹಂತಕ್ಕೆ ಐದು ಕ್ಯೂಬು ಬೇಕಲ್ಲ, ಒಂದೇ ಸಲ ಒಂದು ಕಿಲೋ ಸಿಮೆಂಟು, ಮೂರು ಕಿಲೋ ಮರಳು ಕಲಸಿ ಐದು ಅಚ್ಚಿಗೆ ತುಂಬಿದರಾಯಿತಲ್ಲ? ಸಮಯ ಉಳಿಯುತ್ತದೆ, ಕೈಯೂ ನೋಯುವುದಿಲ್ಲ. ಆದರೆ ಹಾಗೆ ಮಾಡಿದ ಐದು ಕ್ಯೂಬುಗಳು ಐದು ಸಲದ ಪ್ರಯೋಗವಲ್ಲ, ಒಂದೇ ಸಲದ ಪ್ರಯೋಗವನ್ನು ಐದು ಸಲ ಅಳೆದದ್ದು. ಆ ಕಲಸಿನಲ್ಲಿ ನೀರು 5 ಗ್ರಾಂ ಹೆಚ್ಚಾಗಿದ್ದರೆ ಐದು ಕ್ಯೂಬುಗಳೂ ಒಟ್ಟಿಗೆ ಸೊರಗುತ್ತವೆ, ತಮ್ಮತಮ್ಮೊಳಗೆ ಮಾತ್ರ ಚೆನ್ನಾಗಿ ಹೊಂದಿಕೊಂಡಿರುತ್ತವೆ. ಹಂತದೊಳಗಿನ ಚೆದುರು ಚಿಕ್ಕದಾಗಿ ಕಾಣುತ್ತದೆ, ಎಫ್ ಬೆಲೆ (ಹಂತಗಳ ನಡುವಿನ ವ್ಯತ್ಯಾಸಕ್ಕೂ ಹಂತದೊಳಗಿನ ಚೆದುರಿಗೂ ಇರುವ ಅನುಪಾತ) ಆಕಾಶಕ್ಕೆ ಏರುತ್ತದೆ, ಎಲ್ಲ ವ್ಯತ್ಯಾಸವೂ 'ನಿಜ' ಎಂದು ಲೆಕ್ಕ ಹೇಳುತ್ತದೆ. ನಿಜವಾಗಿ ಅದು ಅಳೆದದ್ದು ಕಲಸುವವರ ಕೈಚಳಕವನ್ನು. ಹಾಗಾಗಿ ಒಂದು ಕ್ಯೂಬಿಗೆ ಒಂದು ಕಲಸು. ತೂಗುವುದು, ಕಲಸುವುದು, ತುಂಬುವುದು ಎಲ್ಲವೂ 25 ಸಲ ಹೊಸದಾಗಿ. ಬಟ್ಟಲು ತೊಳೆದು ಒರೆಸುವುದೂ ಸೇರಿ ಒಂದಕ್ಕೆ 20 ನಿಮಿಷ ಹಿಡಿಯುತ್ತದೆ, ಎರಡು ದಿನದ ಕೆಲಸ.

ಯಾವುದರ ನಂತರ ಯಾವುದು? 25 ಚೀಟಿ ಬರೆದು, ಡಬ್ಬಿಗೆ ಹಾಕಿ ಕುಲುಕಿ, ಒಂದೊಂದೇ ಎತ್ತಿ, ಬಂದ ಸಾಲನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಅದರಿಂದ ಕದಲಬಾರದು. ಮೊದಲು ಸೊನ್ನೆಯವೆಲ್ಲ, ಆಮೇಲೆ ಐದರವು ಎಂದು ಹೋದರೆ ಬೆಳಗಿನ ತಂಪೆಲ್ಲ ಸೊನ್ನೆಗೆ, ಮಧ್ಯಾಹ್ನದ ಕಾವೆಲ್ಲ ಇಪ್ಪತ್ತಕ್ಕೆ. ಐಎಸ್ ಕೇಳುವುದು 27 ಡಿಗ್ರಿ, ಎರಡು ಆಚೀಚೆ; ಬೇಸಿಗೆಯ ಮಧ್ಯಾಹ್ನ ಎಸಿ ಇಲ್ಲದ ಕೋಣೆ ಅದನ್ನು ಸುಲಭವಾಗಿ ದಾಟುತ್ತದೆ. ಈ ಚೀಟಿಯ ಉಪಾಯ ಹುಟ್ಟಿದ್ದೂ ಹೊಲದಲ್ಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ ಗೊಬ್ಬರದ ಪ್ರಯೋಗಗಳಿಗೆ ಇದನ್ನು ರೂಪಿಸಿದರು. ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬಿನ ಹತ್ತಿರದ ಗದ್ದೆಗೆ ಒಂದು ತಳಿ, ಕೊನೆ ಭಾಗದ ಗದ್ದೆಗೆ ಇನ್ನೊಂದು ತಳಿ ಹಾಕಿ, ಇಳುವರಿ ತೂಗಿ, ತಳಿಯೇ ಮೇಲು ಎಂದರೆ ಯಾರು ಒಪ್ಪುತ್ತಾರೆ?

ಕೆಲಸ ಐದು ದಿನಕ್ಕೆ ಹರಡುವುದಾದರೆ ಇನ್ನೊಂದು ಕ್ರಮ ಮೇಲು. ದಿನಕ್ಕೆ ಐದು ಹಂತದಿಂದ ಒಂದೊಂದು ಕ್ಯೂಬು, ಆ ದಿನದೊಳಗಿನ ಸಾಲು ಚೀಟಿಯಂತೆ. ಲೆಕ್ಕದಲ್ಲಿ ದಿನವನ್ನೂ ಒಂದು ಅಂಶವಾಗಿ ಕಳೆದುಬಿಡುವುದು. ಎರಡು ದಿನದಲ್ಲಿ ಮುಗಿಯುವಂತಿದ್ದರಿಂದ ಇಲ್ಲಿ ಪೂರಾ ಚೀಟಿಯ ಸಾಲನ್ನೇ ಹಿಡಿದದ್ದು.

ಕಲಸುವಾಗ ಒಣದನ್ನು ಕರಣೆಯಿಂದ ಒಂದು ನಿಮಿಷ, ನೀರು ಹಾಕಿದ ಮೇಲೆ ಮೂರರಿಂದ ನಾಲ್ಕು ನಿಮಿಷ. ಬೂದಿ ಗಂಟು ಕಟ್ಟುವುದು ಒಣಗಿದ್ದಾಗ. ಬೂದಿಯನ್ನು ಸಿಮೆಂಟಿನೊಳಗೆ ಮೊದಲೇ ಉಜ್ಜಿ ಬೆರೆಸಿ, ಆಮೇಲೆ ಮರಳು ಸೇರಿಸಿದರೆ ಸರಿಹೋಗುತ್ತದೆ. ಅಚ್ಚನ್ನು ವೈಬ್ರೇಟಿಂಗ್ ಮೆಷಿನ್ನಿಗೆ ಬಿಗಿದು, ಗಾರೆ ತುಂಬಿ ಸಲಾಕೆಯಿಂದ 20 ಸಲ ಕುಟ್ಟಿ, ಮೇಲಿನ ಬಟ್ಟಲಿಗೆ ಉಳಿದದ್ದನ್ನೂ ಹಾಕಿ ಮತ್ತೆ ಕುಟ್ಟಿ, ನಿಮಿಷಕ್ಕೆ 12,000 ಕಂಪನದಲ್ಲಿ ಎರಡು ನಿಮಿಷ. ಅಚ್ಚಿನ ಸಂದಿನಿಂದ ಸಿಮೆಂಟು ಹಾಲು ಸೋರಿದರೆ ಆ ಮೂಲೆ ಟೊಳ್ಳು. ಸಂದಿಗೆ ಗ್ರೀಸ್ ಹಚ್ಚಬೇಕು, ಒಳಗೋಡೆಗೆ ಮಾತ್ರ ತೆಳ್ಳನೆ ಎಣ್ಣೆ. ಯಾವ ಕ್ಯೂಬಿಗೆ ಯಾವ ಅಚ್ಚು ಎಂಬುದೂ ಚೀಟಿಯ ಪ್ರಕಾರವೇ ಆಗಲಿ. ಹಳೆಯ ಅಚ್ಚುಗಳಲ್ಲಿ ಒಂದೆರಡು ಸೊಟ್ಟಗಿರುವುದು ಮಾಮೂಲು. ಅವೆಲ್ಲ ಒಂದೇ ಹಂತದ ಪಾಲಿಗೆ ಬಿದ್ದರೆ ಕೆಟ್ಟಿತು.

ಒಂದು ದಿನ ಒದ್ದೆ ಗೋಣಿಯ ಕೆಳಗೆ, ಆಮೇಲೆ ತೊಟ್ಟಿಯ ನೀರಿನಲ್ಲಿ. ವಾರಕ್ಕೊಮ್ಮೆ ನೀರು ಬದಲು. ಸಾಧಾರಣ ಮಾರ್ಕರಿನಲ್ಲಿ ಬರೆದ ಗುರುತು 28 ದಿನ ನೀರಿನಲ್ಲಿ ಉಳಿಯುವುದಿಲ್ಲ, ಪೇಂಟಿನಲ್ಲಿ ಬರೆಯಿರಿ. ಬರೆಯುವುದು ಶೇಕಡಾ ಅಲ್ಲ, 1ರಿಂದ 25ರವರೆಗಿನ ಬರೀ ಸಂಖ್ಯೆ. ಒಡೆಯುವವರಿಗೆ ಯಾವುದು ಯಾವ ಹಂತದ್ದೆಂದು ತಿಳಿಯದಿದ್ದರೆ ಒಳ್ಳೆಯದು. ಏಳನೇ ದಿನಕ್ಕೇ ಒಡೆದು ನೋಡುವ ಆತುರ ಬೇಡ. ಬೂದಿ-ಸುಣ್ಣದ ಕ್ರಿಯೆ ನಿಧಾನದ್ದು. ಆಗ ಬೂದಿ ಹಾಕಿದವು ಸಾಮಾನ್ಯವಾಗಿ ಹಿಂದೆ ಇರುತ್ತವೆ, ನಿಧಾನಕ್ಕೆ ಹಿಂದಿನಿಂದ ಬಂದು ಕೂಡಿಕೊಳ್ಳುತ್ತವೆ.

ಒಡೆಯುವ ದಿನ ಕ್ಯೂಬು ನೀರಿನಿಂದ ತೆಗೆದ ಕೂಡಲೇ, ಒದ್ದೆ ಇರುವಾಗಲೇ ಮೆಷಿನ್ನಿಗೆ. ಕರಣೆ ಎಳೆದ ಮೇಲ್ಮುಖ ಪ್ಲೇಟಿಗೆ ತಾಗಬಾರದು, ಅಚ್ಚಿಗೆ ಅಂಟಿದ್ದ ಬದಿಯ ಮುಖಗಳೇ ಮೇಲೆ ಕೆಳಗೆ ಬರಬೇಕು. ಲೋಡು ಏರಿಸುವ ವೇಗ ನಿಮಿಷಕ್ಕೆ 35 ಎಂಪಿಎ (ಮೆಗಾಪಾಸ್ಕಲ್, ಚದರ ಮಿಲಿಮೀಟರಿಗೆ ಒಂದು ನ್ಯೂಟನ್), ಸೆಕೆಂಡಿಗೆ ಸುಮಾರು 3 ಕಿಲೋನ್ಯೂಟನ್. ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಒಡೆಯುತ್ತದೆ. ಪಂಪು ಜೋರಾಗಿ ಬಿಟ್ಟರೆ ಬಲ ಹೆಚ್ಚಾಗಿ ಕಾಣುತ್ತದೆ. ನಾಲ್ಕೂ ಬದಿ ಸಮನಾಗಿ ಉದುರಿ ನಡುವೆ ಡಮರುವಿನ ಆಕಾರ ಉಳಿದರೆ ಸರಿಯಾಗಿ ಒಡೆಯಿತೆಂದು. ಒಂದೇ ಬದಿ ಸೀಳಿದರೆ ಕ್ಯೂಬು ನಡುವೆ ಕೂತಿರಲಿಲ್ಲ ಅಥವಾ ಮುಖ ಸೊಟ್ಟಗಿತ್ತು. ಹಾಗಾದರೆ ಬಲದ ಅಂಕಿಯನ್ನು ಉಳಿದವುಗಳ ಜೊತೆ ಹೋಲಿಸುವ ಮೊದಲೇ ಟಿಪ್ಪಣಿ ಬರೆಯಿರಿ. ಅಂಕಿ ನೋಡಿ, ಕಡಿಮೆ ಬಂತೆಂದು, ಆಮೇಲೆ ಕಾರಣ ಹುಡುಕಿ ಕ್ಯೂಬನ್ನು ಕೈಬಿಡುವುದು ಪ್ರಯೋಗಕ್ಕೆ ಮಾಡುವ ಮೋಸ.

ಅಂಕಿಗಳು, ಎಂಪಿಎಯಲ್ಲಿ:

ಶೇ 0: 44, 47, 48, 45, 46, ಸರಾಸರಿ 46.0
ಶೇ 5: 49, 46, 51, 47, 48, ಸರಾಸರಿ 48.2
ಶೇ 10: 53, 50, 48, 54, 50, ಸರಾಸರಿ 51.0
ಶೇ 15: 47, 44, 50, 48, 46, ಸರಾಸರಿ 47.0
ಶೇ 20: 41, 38, 42, 37, 42, ಸರಾಸರಿ 40.0

ಲೆಕ್ಕಕ್ಕೆ ಮೊದಲು ಗ್ರಾಫ್ ಹಾಳೆಯ ಮೇಲೆ 25 ಚುಕ್ಕಿ ಇಡಿ. ಹತ್ತರ ತನಕ ಏರಿ, ಆಮೇಲೆ ಇಳಿಯುವ ಗುಡ್ಡ ಕಣ್ಣಿಗೇ ಕಾಣುತ್ತದೆ. ಶೇ 5ರ ಒಳ್ಳೆಯ ಕ್ಯೂಬು 51, ಶೇ 10ರ ಕೆಟ್ಟ ಕ್ಯೂಬು 48 ಎಂಬುದೂ ಕಾಣುತ್ತದೆ. ಅನೋವಾ, ಎಂದರೆ ವ್ಯತ್ಯಾಸದಲ್ಲಿ ಬೂದಿಯ ಪಾಲೆಷ್ಟು ಚೆದುರಿನ ಪಾಲೆಷ್ಟು ಎಂದು ಬಿಡಿಸುವ ಲೆಕ್ಕ, ಬೇಕಾಗುವುದು ಈ ಹೆಣೆದುಕೊಂಡ ಜಾಗಕ್ಕೆ.

ಒಟ್ಟು ಸರಾಸರಿ 46.44. ಪ್ರತಿ ಹಂತದ ಸರಾಸರಿ ಇದರಿಂದ ಎಷ್ಟು ದೂರವೋ ಅದರ ವರ್ಗ ಮಾಡಿ, ಕೂಡಿಸಿ, 5ರಿಂದ ಗುಣಿಸಿದರೆ 329.36. ಇದು ಬೂದಿಯ ಪಾಲು. ಪ್ರತಿ ಕ್ಯೂಬು ತನ್ನದೇ ಹಂತದ ಸರಾಸರಿಯಿಂದ ಎಷ್ಟು ದೂರವೋ ಅದರ ವರ್ಗಗಳ ಮೊತ್ತ 90.8. ಇದು ಕಾರಣ ಹೇಳಲಾಗದ ಚೆದುರು. ಎರಡೂ ಸೇರಿ 420.16 ಆಗಬೇಕು, ಆಗುತ್ತದೆ. ಮೊದಲನೆಯದಕ್ಕೆ ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ) 4, ಎರಡನೆಯದಕ್ಕೆ 20. ಭಾಗಿಸಿದರೆ 82.34 ಮತ್ತು 4.54, ಇವೆರಡರ ಅನುಪಾತ ಎಫ್, 18.1. ಬೂದಿಯಿಂದ ಏನೂ ವ್ಯತ್ಯಾಸವಿಲ್ಲ ಎಂದಿದ್ದರೆ ಶೇ 5ರ ಮಟ್ಟದಲ್ಲಿ (ನೂರಕ್ಕೆ ಐದು ಸಲ ತಪ್ಪಲು ಒಪ್ಪಿಕೊಂಡರೆ) ಈ ಎಫ್ 2.87 ದಾಟಬಾರದಿತ್ತು, ಶೇ 1ರಲ್ಲಿ 4.43. ಬೂದಿಯ ಪ್ರಮಾಣಕ್ಕೂ ಬಲಕ್ಕೂ ಸಂಬಂಧ ಇದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಎಕ್ಸೆಲ್‌ನ ಡೇಟಾ ಅನಾಲಿಸಿಸ್ ಪಟ್ಟಿಯಲ್ಲಿ 'ಅನೋವಾ ಸಿಂಗಲ್ ಫ್ಯಾಕ್ಟರ್' ಒತ್ತಿದರೆ ಇಷ್ಟೂ ಒಂದೇ ಕ್ಷಣದಲ್ಲಿ ಬರುತ್ತದೆ. ಆರ್ ತಂತ್ರಾಂಶ ಬಳಸುವವರು ಒಂದು ಹಳ್ಳ ದಾಟಬೇಕು: 0, 5, 10 ಎಂಬ ಕಾಲಂ ಅನ್ನು ಫ್ಯಾಕ್ಟರ್ (ಬೇರೆಬೇರೆ ಗುಂಪುಗಳ ಹೆಸರು) ಎಂದು ಹೇಳದಿದ್ದರೆ ಅದು ಅವನ್ನು ಬರೀ ಸಂಖ್ಯೆ ಎಂದುಕೊಂಡು ನೇರ ಗೆರೆ ಎಳೆಯುತ್ತದೆ. ಬೂದಿಯ ಸಾಲಿನಲ್ಲಿ ಡಿಗ್ರಿ ಆಫ್ ಫ್ರೀಡಂ 4ರ ಬದಲು 1 ಎಂದು ಕಂಡರೆ ಆಗಿರುವುದು ಇದೇ. ಗುಡ್ಡದ ಆಕಾರದ ಅಂಕಿಗೆ ನೇರ ಗೆರೆ ಎಳೆದರೆ ಅರ್ಧಕ್ಕಿಂತ ಹೆಚ್ಚು ವಿಷಯ ಚೆದುರಿನ ಲೆಕ್ಕಕ್ಕೆ ಸೇರಿಹೋಗುತ್ತದೆ.

ಎಫ್ ನಂಬುವ ಮೊದಲು ಉಳಿಕೆಗಳನ್ನು, ಎಂದರೆ ಕ್ಯೂಬಿನ ಬಲದಲ್ಲಿ ಹಂತದ ಸರಾಸರಿ ಕಳೆದು ಉಳಿದದ್ದನ್ನು, ನೋಡಬೇಕು. ದೊಡ್ಡ ಉಳಿಕೆ 3 ಎಂಪಿಎ, ಅದರ ಸ್ಟಾಂಡರ್ಡ್ ಅಳತೆ (ಮಾಮೂಲಿ ಚೆದುರಿನ ಎಷ್ಟು ಪಟ್ಟು ಎಂಬುದು) 1.6ರಷ್ಟು, 3ರ ಹತ್ತಿರ ಹೋದಾಗ ಮಾತ್ರ ಗಾಬರಿ. ಐದು ಹಂತಗಳ ವೇರಿಯನ್ಸ್ (ಚೆದುರಿನ ವರ್ಗದ ಅಳತೆ) 2.5ರಿಂದ 6ರವರೆಗೆ, ಐದೈದೇ ಕ್ಯೂಬು ಇರುವಾಗ ಇಷ್ಟು ಏರುಪೇರು ಸಹಜ. ಹೆಚ್ಚು ಉಪಯೋಗದ ಚಿತ್ರ ಇನ್ನೊಂದು: ಉಳಿಕೆಗಳನ್ನು ಎರಕ ಹೊಯ್ದ ಸಾಲಿನಲ್ಲಿ, 1ರಿಂದ 25, ಜೋಡಿಸಿ ನೋಡುವುದು. ಮೆಲ್ಲಗೆ ಏರುವ ಅಥವಾ ಇಳಿಯುವ ಓಟ ಕಂಡರೆ ಕೈ ಪಳಗುತ್ತಾ ಹೋಯಿತೆಂದೋ, ಸಿಮೆಂಟು ತೇವ ಎಳೆದುಕೊಂಡಿತೆಂದೋ ಅರ್ಥ. ಹದಿಮೂರನೆಯ ಚುಕ್ಕಿಯ ಬಳಿ ಮೆಟ್ಟಿಲು ಕಂಡರೆ ಎರಡು ದಿನಗಳ ವ್ಯತ್ಯಾಸ. ಸಾಲು ಬರೆದಿಡದವರಿಗೆ ಈ ಚಿತ್ರ ಸಿಗುವುದೇ ಇಲ್ಲ.

ಯಾವುದಕ್ಕೂ ಯಾವುದಕ್ಕೂ ವ್ಯತ್ಯಾಸ? ಐದು ಹಂತ ಎಂದರೆ ಹತ್ತು ಜೋಡಿ. ಪ್ರತಿ ಜೋಡಿಗೂ ಶೇ 5ರ ಟಿ-ಪರೀಕ್ಷೆ (ಎರಡು ಸರಾಸರಿಗಳನ್ನು ಹೋಲಿಸುವ ಲೆಕ್ಕ) ಹಚ್ಚಿದರೆ ಎಲ್ಲೋ ಒಂದು ಕಡೆ ಸುಳ್ಳು ವ್ಯತ್ಯಾಸ ಕಾಣುವ ಸಂಭವ ಸುಮ್ಮನೆ ಶೇ 5ನ್ನು ಎಷ್ಟೋ ದಾಟಿಹೋಗುತ್ತದೆ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ಹೋಲಿಸುವ ಟುಕಿಯ ಕ್ರಮದಲ್ಲಿ 5 ಹಂತ, 20 ಡಿಗ್ರಿ ಆಫ್ ಫ್ರೀಡಂಗೆ ಕೋಷ್ಟಕದ ಬೆಲೆ 4.23. ಅದನ್ನು 4.54ರ ಐದನೇ ಒಂದು ಭಾಗದ ವರ್ಗಮೂಲದಿಂದ, ಎಂದರೆ 0.953ರಿಂದ ಗುಣಿಸಿದರೆ 4.03 ಎಂಪಿಎ. ಇದಕ್ಕಿಂತ ಹೆಚ್ಚು ಅಂತರ ಇದ್ದರಷ್ಟೇ ಬೇರೆ ಎನ್ನಬಹುದು. ಶೇ 10, ಸೊನ್ನೆಗಿಂತ 5.0 ಮೇಲು: ನಿಜ. ಶೇ 20 ಉಳಿದೆಲ್ಲಕ್ಕಿಂತ ಕಡಿಮೆಯೆಂದರೂ 6 ಕೆಳಗೆ: ನಿಜ. ಶೇ 10 ಮತ್ತು 5ರ ನಡುವೆ 2.8: ಹೇಳಲಾಗದು. ಶೇ 10 ಮತ್ತು 15ರ ನಡುವೆ 4.0, ಮಿತಿ 4.03. ಕೂದಲೆಳೆ. ಇಂಥ ಕಡೆ 'ವ್ಯತ್ಯಾಸವಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅಂಕಿಯನ್ನೇ ಬರೆದು ಓದುವವರಿಗೆ ಬಿಡಬೇಕು.

ಐದರ ಬದಲು ಹಂತಕ್ಕೆ ಮೂರೇ ಕ್ಯೂಬು ಎರೆದಿದ್ದರೆ? ಚೆದುರು ಇಷ್ಟೇ ಇದ್ದರೂ ಕೋಷ್ಟಕದ ಬೆಲೆ 4.65 ಆಗುತ್ತದೆ, ಮಿತಿ 5.7ಕ್ಕೆ ಏರುತ್ತದೆ. ಸೊನ್ನೆಗೂ ಹತ್ತಕ್ಕೂ ಇರುವ 5 ಎಂಪಿಎ ಅಂತರ ಅದರೊಳಗೆ ಮುಳುಗಿಹೋಗುತ್ತಿತ್ತು. ಮೂರು ಕ್ಯೂಬಿನ ರೂಢಿ ಬಂದಿರುವುದು ಸಿಮೆಂಟು ಪಾಸೋ ಫೇಲೋ ನೋಡಲು; ಐದು ಗಾರೆಗಳನ್ನು ಒಂದಕ್ಕೊಂದು ಹೋಲಿಸಲು ಅದು ಸಾಲದು.

ಅತಿ ಹೆಚ್ಚು ಬಲ ಎಲ್ಲಿ? ಎರೆದ ಹಂತಗಳಲ್ಲಿ ಹತ್ತು ಗೆದ್ದಿತು ನಿಜ, ಆದರೆ ನಡುವೆ ಏನಿದೆಯೋ. ಹಂತಗಳು ಸಮ ಅಂತರದಲ್ಲಿ ಇರುವುದರ ಲಾಭ ಇಲ್ಲಿ ಸಿಗುತ್ತದೆ. ಬೂದಿಯ ಪಾಲಾದ 329.36ನ್ನು ನಾಲ್ಕು ತುಂಡು ಮಾಡಬಹುದು: ನೇರ ಇಳಿಜಾರಿನ ಪಾಲು 87.12, ಬಾಗಿನ ಪಾಲು 226.80, ಮೂರನೇ ಮತ್ತು ನಾಲ್ಕನೇ ಘಾತಗಳಿಗೆ 6.48, 8.96. ಕೊನೆಯ ಎರಡರ ಸರಾಸರಿ 7.72, ಅದನ್ನು 4.54ರಿಂದ ಭಾಗಿಸಿದರೆ 1.7, ಮಿತಿ 3.49. ಅಂದರೆ ಒಂದು ಬಾಗು ಸಾಕು. ಬೂದಿಯ ಶೇಕಡಾವನ್ನು 'ಬೂ' ಎಂದರೆ:

ಬಲ = 45.48 + 1.176 × ಬೂ − 0.072 × ಬೂ × ಬೂ

ತುದಿ 1.176 ಭಾಗಿಸು 0.144, ಎಂದರೆ ಶೇ 8.17, ಅಲ್ಲಿನ ಬಲ 50.3. ಈ 8.17ನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವವರನ್ನು ಕಂಡರೆ ನಗು ಬರುತ್ತದೆ. ಅದೇ ಸೂತ್ರಕ್ಕೆ 5 ಹಾಕಿ: 49.6. 10 ಹಾಕಿ: 50.0. 12 ಹಾಕಿ: 49.2. ಗುಡ್ಡದ ನೆತ್ತಿ ಮೈದಾನದಂತಿದೆ. ಶೇ 5ರಿಂದ 12ರೊಳಗೆ ಎಲ್ಲಿ ನಿಂತರೂ ಸೂತ್ರದ ಬಲದಲ್ಲಿ ಒಂದು ಎಂಪಿಎಗಿಂತ ಅಷ್ಟೇನೂ ಹೆಚ್ಚಿನ ಅಂತರ ಬರುವುದಿಲ್ಲ, ಒಂಟಿ ಕ್ಯೂಬಿನ ಚೆದುರೇ 2.1 ಇದೆ. ಇನ್ನೊಂದನ್ನೂ ಗಮನಿಸಿ: ಹತ್ತರ ಸರಾಸರಿ 51, ಬಾಗು ಹೇಳುವುದು 50. ಐದರಲ್ಲಿ ಗೆದ್ದದ್ದನ್ನು ಆರಿಸಿದಾಗ ಅದರ ಗೆಲುವಿನಲ್ಲಿ ಅದೃಷ್ಟವೂ ಸ್ವಲ್ಪ ಬೆರೆತಿರುತ್ತದೆ. ತಾಳೆ ನೋಡಲು ಹತ್ತರಲ್ಲಿ ಮತ್ತೆ ಮೂರು ಕ್ಯೂಬು ಎರೆದರೆ ಅವುಗಳ ಸರಾಸರಿ 47.8ರಿಂದ 54.2ರೊಳಗೆ ಬರಬೇಕು. 49 ಬಂದರೆ ಪ್ರಯೋಗ ಸುಳ್ಳಾಯಿತು ಎಂದುಕೊಳ್ಳಬೇಕಿಲ್ಲ.

ಕೆಲಸದ ಜಾಗದಲ್ಲಿ ಕೇಳುವ ಪ್ರಶ್ನೆ ಬೇರೆಯೇ. ಬಲ ಹೆಚ್ಚುವುದು ಯಾರಿಗೆ ಬೇಕು, ಕಡಿಮೆಯಾಗದಿದ್ದರೆ ಸಾಕು, ಸಿಮೆಂಟು ಎಷ್ಟು ಉಳಿಯುತ್ತದೆ ಹೇಳಿ ಎನ್ನುತ್ತಾರೆ. ಶೇ 8 ಎಂದರೆ 50 ಕಿಲೋ ಚೀಲದಲ್ಲಿ ನಾಲ್ಕು ಕಿಲೋ, ಶೇ 15 ಎಂದರೆ ಏಳೂವರೆ. ಹದಿನೈದರ ಸರಾಸರಿ 47, ಸೊನ್ನೆಯದು 46, ಅಂತರ ಒಂದು. ವ್ಯತ್ಯಾಸ ಸಾಬೀತಾಗಲಿಲ್ಲ ಎಂದಮಾತ್ರಕ್ಕೆ ಎರಡೂ ಸಮ ಎಂದಾಗಲಿಲ್ಲ. ಈ ಒಂದು ಹೋಲಿಕೆಯನ್ನೇ ನೋಡುವುದೆಂದು ಮೊದಲೇ ತೀರ್ಮಾನಿಸಿದ್ದರೆ, ಅಂತರದ ವ್ಯಾಪ್ತಿ 1.0 ± 2.8: ಹದಿನೈದು ಹೆಚ್ಚೆಂದರೆ 1.8 ಎಂಪಿಎ ಕೆಳಗಿರಬಹುದು, 3.8 ಮೇಲಿರಬಹುದು. ಎರಡು ಎಂಪಿಎ ಕಳೆದುಕೊಂಡರೂ ತೊಂದರೆ ಇಲ್ಲದ ಗಿಲಾವಿಗೆ, ಇಟ್ಟಿಗೆ ಗೋಡೆಗೆ ಹದಿನೈದು ನಡೆಯುತ್ತದೆ. ಬಾಗಿನ ಪ್ರಕಾರ ಬಲ ಮತ್ತೆ 46ಕ್ಕೆ ಇಳಿಯುವುದು ಶೇ 16ರ ಹತ್ತಿರ. ಆಮೇಲೆ ಇಳಿಜಾರು ಕಡಿದು. ಬೋಗುಣಿಯಲ್ಲಿ ಅಳೆದು ಹಾಕುವ ಕಡೆ ಹದಿನೈದೆಂದು ಹೇಳಿದರೆ ಹದಿನೆಂಟು ಬೀಳುತ್ತದೆ. ಅಂಥಲ್ಲಿ ನಾವಾದರೆ ಹತ್ತೆಂದೇ ಹೇಳುತ್ತೇವೆ.

ಇಷ್ಟಾಗಿಯೂ ಈ 25 ಕ್ಯೂಬುಗಳಲ್ಲಿ ಬೂದಿ ಒಂದೇ ಚೀಲದ್ದು. 4.54 ಎಂಬ ಚೆದುರಿನಲ್ಲಿ ತೂಗುವ, ಕಲಸುವ, ಒಡೆಯುವ ತಪ್ಪುಗಳಿವೆ. ಒಂದು ಆಲೆಮನೆಯ ಬೂದಿಗೂ ಇನ್ನೊಂದರದ್ದಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಸೇರಿಯೇ ಇಲ್ಲ. ಒಂದು ಕಲಸಿನಿಂದ ಐದು ಕ್ಯೂಬು ಮಾಡಬಾರದು ಎಂದದ್ದಕ್ಕೆ ಯಾವ ಕಾರಣವೋ, ಒಂದು ಚೀಲದಿಂದ 25 ಕ್ಯೂಬು ಮಾಡಿ 'ಮಂಡ್ಯದ ಆಲೆಮನೆ ಬೂದಿ' ಎಂದು ಬರೆಯಬಾರದು ಎಂಬುದಕ್ಕೂ ಅದೇ ಕಾರಣ. ಬೂದಿಯ ನುಣುಪು, ನೀರು, ಕ್ಯೂರಿಂಗ್ ದಿನ ಎಲ್ಲವನ್ನೂ ಒಟ್ಟಿಗೆ ಬದಲಿಸಿ ನೋಡಲು ಆರ್ಥೊಗೊನಲ್ ಅರೇಗಳಿವೆ, ಎಂದರೆ ಹಲವು ಅಂಶಗಳನ್ನು ಕಡಿಮೆ ಪ್ರಯೋಗಗಳಲ್ಲಿ ಸಮತೂಕವಾಗಿ ಜೋಡಿಸುವ ಪಟ್ಟಿಗಳು. ಅವುಗಳ ಗಣಿತಕ್ಕೆ ಬುನಾದಿ ಹಾಕಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹಡಗಲಿಯಲ್ಲೇ. ಅಲ್ಲಿಗೆ ಹೋಗುವ ಮೊದಲು ಚೀಲದ ಲೆಕ್ಕ ಮುಗಿಯಬೇಕು.

ಅದಕ್ಕೆ ಮುಂದಿನ ಸುತ್ತು ಹೀಗೆ: ಐದು ಆಲೆಮನೆಯಿಂದ ಐದು ಚೀಲ, ಹಂತ ಮೂರೇ, ಶೇ 0, 8, 15. ಒಂದು ಚೀಲದ ಮೂರು ಕಲಸು ಒಂದೇ ದಿನ, ಚೀಟಿಯ ಸಾಲಿನಲ್ಲಿ. ಸೊನ್ನೆಗೆ ಬೂದಿ ಬೇಕಿಲ್ಲದಿದ್ದರೂ ಪ್ರತಿ ಚೀಲದ ದಿನವೂ ಅದನ್ನು ಹೊಸದಾಗಿ ಎರೆಯಬೇಕು. ಒಟ್ಟು 15 ಕ್ಯೂಬು, ಚೆದುರಿಗೆ 8 ಡಿಗ್ರಿ ಆಫ್ ಫ್ರೀಡಂ. ಚೀಲದ ಮೇಲೆ ಆಲೆಮನೆಯ ಗುರುತು, ಒಲೆ ಗೋರಿದ ದಿನ, ಅವತ್ತು ಸಿಪ್ಪೆಯ ಜೊತೆ ತೆಂಗಿನ ಗರಿ-ಮಟ್ಟೆ ಏನಾದರೂ ಉರಿಸಿದ್ದರೆ ಅದು. ಇಷ್ಟನ್ನೂ ಚೀಲ ಕಟ್ಟುವಾಗಲೇ ಪೇಂಟಿನಲ್ಲಿ ಬರೆಯಬೇಕು.